2023ರ ವಿಡಿಯೊ ಗೇಮ್ ಉದ್ಯಮ: ಇಷ್ಟೊಂದು ಒಳ್ಳೆಯ ಆಟಗಳು ಬಂದ ವರ್ಷದಲ್ಲೇ ಇಷ್ಟೊಂದು ಜನರ ಕೆಲಸ ಹೋದದ್ದೇಕೆ?

ಹಳೇ ಕನ್ಸೋಲ್ (ಚರ್ಚೆ ಆರಂಭಿಸಿದವರು)

2023ರಲ್ಲಿ ಬಿಡುಗಡೆಯಾದ ಆಟಗಳ ಪಟ್ಟಿಯನ್ನೂ ಅದೇ ವರ್ಷ ಬಾಗಿಲು ಹಾಕಿದ ಸ್ಟುಡಿಯೊಗಳ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಇವೆರಡೂ ಒಂದೇ ಉದ್ಯಮಕ್ಕೆ ಸೇರಿದವೇ ಎಂಬ ಅನುಮಾನ ಬರುತ್ತದೆ. ಮೇ 12ರಂದು ಬಂದ ನಿಂಟೆಂಡೊದ ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ ಮೂರೇ ದಿನಗಳಲ್ಲಿ ಒಂದು ಕೋಟಿ ಪ್ರತಿಗಳಷ್ಟು ಮಾರಾಟವಾಯಿತು. ಬೆಲ್ಜಿಯಂನ ಲಾರಿಯನ್ ಸ್ಟುಡಿಯೊ ಆಗಸ್ಟ್‌ನಲ್ಲಿ ಹೊರತಂದ ‘ಬಾಲ್ಡರ್ಸ್ ಗೇಟ್ 3’, ಇಂಥ ನಿಧಾನಗತಿಯ, ಸರದಿ ಪ್ರಕಾರ ಆಡುವ ಆಟಗಳಿಗೆ ಈಗ ಗಿರಾಕಿಗಳಿಲ್ಲ ಎನ್ನುತ್ತಿದ್ದವರ ಬಾಯಿ ಮುಚ್ಚಿಸಿ, ಆ ವರ್ಷದ ಪ್ರಮುಖ ಪ್ರಶಸ್ತಿಗಳನ್ನು ಬಾಚಿಕೊಂಡಿತು. ‘ಸ್ಪೈಡರ್‌ಮ್ಯಾನ್ 2’ ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲೇ 25 ಲಕ್ಷ ಪ್ರತಿಗಳನ್ನು ಮಾರಿತು.

ಇನ್ನೊಂದು ಪಟ್ಟಿ ಹೀಗಿದೆ. ‘ಸೇಂಟ್ಸ್ ರೋ’ ಆಟಗಳನ್ನು ರೂಪಿಸಿದ, ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1993ರಿಂದ ನಡೆದುಕೊಂಡು ಬಂದಿದ್ದ ವೊಲಿಷನ್ ಸ್ಟುಡಿಯೊ ಆಗಸ್ಟ್ 31ರಂದು ಮುಚ್ಚಿತು. ‘ಫೋರ್ಟ್‌ನೈಟ್’ನಿಂದ ಕೋಟಿಗಟ್ಟಲೆ ಗಳಿಸುತ್ತಿದ್ದ ಎಪಿಕ್ ಗೇಮ್ಸ್ ಸೆಪ್ಟೆಂಬರ್ 28ರಂದು ಸುಮಾರು 830 ಮಂದಿಯನ್ನು, ಅಂದರೆ ತನ್ನ ನೌಕರರಲ್ಲಿ ಶೇ 16ರಷ್ಟು ಜನರನ್ನು, ಮನೆಗೆ ಕಳುಹಿಸಿತು, ಗಳಿಕೆಗಿಂತ ಖರ್ಚೇ ಬಹಳ ಹೆಚ್ಚಾಗಿತ್ತು ಎಂದು ಅದರ ಮುಖ್ಯಸ್ಥ ಟಿಮ್ ಸ್ವೀನಿ ನೌಕರರಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡರು. ಡಿಸೆಂಬರ್ 12ರಂದು, 1995ರಿಂದ ಈ ಉದ್ಯಮದ ಜಾತ್ರೆಯಂತಿದ್ದ ಇ3 ಮೇಳ ಇನ್ನು ನಡೆಯುವುದಿಲ್ಲ ಎಂಬ ಘೋಷಣೆಯೂ ಹೊರಬಿತ್ತು. ಆ ವರ್ಷ ಕೆಲಸ ಕಳೆದುಕೊಂಡವರ ಸಂಖ್ಯೆ, ಸುದ್ದಿಗಳನ್ನು ಕೂಡಿಸಿ ಲೆಕ್ಕ ಹಾಕಿದವರ ಅಂದಾಜಿನಂತೆ, ಹತ್ತು ಸಾವಿರ ದಾಟುತ್ತದೆ.

ಆಡುವವರು ಕಡಿಮೆಯಾಗಿದ್ದರಿಂದ ಇದಾಯಿತೆಂದು ನನಗೆ ಅನ್ನಿಸುವುದಿಲ್ಲ. ಆಟ ಕಟ್ಟುವವರ ಕೈಯಲ್ಲಿಲ್ಲದ ತೀರ್ಮಾನಗಳು, ಅದರಲ್ಲೂ 2020 ಮತ್ತು 2021ರಲ್ಲಿ ಸಾಲದ ಹಾಗೂ ಷೇರಿನ ಬಲದಿಂದ ನಡೆದ ಖರೀದಿಗಳು, ಇದಕ್ಕೆ ಮೂಲ ಎಂಬುದು ನನ್ನ ವಾದ. ಒಳಗಿನಿಂದ ಬಲ್ಲವರು ಇಲ್ಲಿ ಇದ್ದಾರೆ. ತಿದ್ದುವುದಿದ್ದರೆ ತಿದ್ದಿ, ಆದರೆ ಯಾವ ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಯಂತ್ರ) ಮೇಲು ಎಂಬ ಜಗಳವನ್ನು ದಯವಿಟ್ಟು ಇಲ್ಲಿಗೆ ತರಬೇಡಿ.

ಲೆಕ್ಕದ ಪುಸ್ತಕ

ತಮ್ಮ ವಾದವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಹಿನ್ನೆಲೆಯಲ್ಲಿದ್ದ ಬಡ್ಡಿದರವನ್ನು ಮಾತ್ರ ಸೇರಿಸಬೇಕು. ಕೊರೊನಾ ಕಾಲದಲ್ಲಿ ಸೊನ್ನೆಯ ಹತ್ತಿರವಿದ್ದ ಅಮೆರಿಕದ ಫೆಡರಲ್ ರಿಸರ್ವ್‌ನ ದರ 2022ರ ಮಾರ್ಚ್‌ನಿಂದ ಏರತೊಡಗಿ, 2023ರ ಜುಲೈ ಹೊತ್ತಿಗೆ ಶೇ 5.25ರಿಂದ 5.5ರ ಮಟ್ಟ ಮುಟ್ಟಿತು. ಒಂದು ದೊಡ್ಡ ಆಟವನ್ನು ಕಟ್ಟಲು ನಾಲ್ಕೈದು ವರ್ಷ ಬೇಕು, ಅಷ್ಟೂ ಕಾಲ ಹಣ ಹೋಗುತ್ತಲೇ ಇರುತ್ತದೆ, ಬರುವುದು ಕೊನೆಯಲ್ಲಿ ಮಾತ್ರ. ಅಗ್ಗದ ಬಡ್ಡಿಯ ದಿನಗಳಲ್ಲಿ ಒಪ್ಪಿಗೆ ಪಡೆದ ಯೋಜನೆಗಳು ದುಬಾರಿ ಬಡ್ಡಿಯ ದಿನಗಳಲ್ಲಿ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡವು.

ಇದನ್ನು ಅರಿಯಲು ಸ್ವೀಡನ್ನಿನ ಎಂಬ್ರೇಸರ್ ಸಮೂಹದ ಕಥೆಗಿಂತ ಬೇರೆ ಉದಾಹರಣೆ ಬೇಡ. ಕಾರ್ಲ್‌ಸ್ಟಾಡ್ ಎಂಬ ಪಟ್ಟಣದಲ್ಲಿ ಲಾರ್ಸ್ ವಿಂಗೆಫೋರ್ಸ್ ಕಟ್ಟಿದ ಈ ಸಂಸ್ಥೆ ಕೆಲವೇ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಸ್ಟುಡಿಯೊಗಳ ಒಡೆತನ ಪಡೆಯಿತು. 2021ರಲ್ಲಿ ‘ಬಾರ್ಡರ್‌ಲ್ಯಾಂಡ್ಸ್’ ಖ್ಯಾತಿಯ ಗೇರ್‌ಬಾಕ್ಸ್ ಅನ್ನು, ಷರತ್ತಿನ ಪಾವತಿಗಳೂ ಸೇರಿದರೆ 130 ಕೋಟಿ ಡಾಲರ್ ವರೆಗೆ ಹೋಗಬಹುದಾದ ಬೆಲೆಗೆ ಕೊಂಡಿತು. ಆಮೇಲೆ ಬೋರ್ಡ್ ಗೇಮ್ ತಯಾರಿಸುವ ಫ್ರಾನ್ಸಿನ ಆಸ್ಮೊಡೆಯನ್ನು 275 ಕೋಟಿ ಯೂರೊಗೆ, 2022ರಲ್ಲಿ ‘ಟೂಂಬ್ ರೇಡರ್’ನ ಹಕ್ಕುಗಳ ಜೊತೆಗೆ ಕ್ರಿಸ್ಟಲ್ ಡೈನಮಿಕ್ಸ್ ಮತ್ತು ಐಡೊಸ್ ಮಾಂಟ್ರಿಯಲ್ ಸ್ಟುಡಿಯೊಗಳನ್ನು 30 ಕೋಟಿ ಡಾಲರ್‌ಗೆ ಕೊಂಡಿತು. ಹಾಸಿಗೆಯ ಅಳತೆ ನೋಡದೆ ಕಾಲು ಚಾಚಿದ್ದಾಯಿತು. ಇಷ್ಟಕ್ಕೂ ಆಧಾರವಾಗಿ, ಆರು ವರ್ಷಗಳಲ್ಲಿ 200 ಕೋಟಿ ಡಾಲರ್‌ಗಿಂತ ಹೆಚ್ಚು ಆದಾಯ ತರಬೇಕಿದ್ದ ಒಂದು ಒಪ್ಪಂದವನ್ನು ಅದು ನಂಬಿ ಕುಳಿತಿತ್ತು. ಆ ಒಪ್ಪಂದಕ್ಕೆ ಎದುರು ಪಕ್ಷದಿಂದ ಬಾಯಿಮಾತಿನ ಭರವಸೆ ಮಾತ್ರ ಸಿಕ್ಕಿತ್ತು. 2023ರ ಮೇ 24ರಂದು ಅದು ಮುರಿದುಬಿತ್ತು ಎಂದು ಪ್ರಕಟವಾದೊಡನೆ ಷೇರಿನ ಬೆಲೆ ಒಂದೇ ದಿನದಲ್ಲಿ ಸುಮಾರು ಶೇ 40ರಷ್ಟು ಕುಸಿಯಿತು. ಎದುರು ಪಕ್ಷ ಯಾರೆಂದು ಎಂಬ್ರೇಸರ್ ಹೇಳಲಿಲ್ಲ, ಸೌದಿ ಅರೇಬಿಯದ ಸ್ಯಾವಿ ಸಂಸ್ಥೆ ಎಂದು ನಂತರ ವರದಿಯಾಯಿತು.

ಜೂನ್‌ನಲ್ಲಿ ‘ಪುನರ್‌ರಚನೆ’ ಘೋಷಣೆಯಾಯಿತು, ಆಗಸ್ಟ್‌ನಲ್ಲಿ ಎಂಬ್ರೇಸರ್ ಒಡೆತನದ ವೊಲಿಷನ್ ಹೋಯಿತು, ಡಿಸೆಂಬರ್‌ನಲ್ಲಿ ಅದರದೇ ಇನ್ನೊಂದು ಸ್ಟುಡಿಯೊ, ಇಂಗ್ಲೆಂಡಿನ ಫ್ರೀ ರ‍್ಯಾಡಿಕಲ್ ಹೋಯಿತು. ಗೇರ್‌ಬಾಕ್ಸ್ ಅನ್ನು 2024ರ ಮಾರ್ಚ್‌ನಲ್ಲಿ ಟೇಕ್-ಟೂ ಸಂಸ್ಥೆಗೆ 46 ಕೋಟಿ ಡಾಲರ್‌ಗೆ ಮಾರಲಾಯಿತು. ಕೊಂಡ ಬೆಲೆ, ಮಾರಿದ ಬೆಲೆ ಎರಡನ್ನೂ ಮೇಲೆಯೇ ಬರೆದಿದ್ದೇನೆ.

ಕೋಡುಬಳೆ

ನಾನು ಬಿಡುವಿನ ವೇಳೆಯಲ್ಲಿ ಮೊಬೈಲ್ ಆಟಗಳನ್ನು ಬರೆಯುವವನು. ನಮ್ಮಂಥವರಿಗೆ ಆ ವರ್ಷ ತಟ್ಟಿದ ಬಿಸಿ ಬೇರೆಯದು, ಅದು ಯೂನಿಟಿಯದು. ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ಚಿತ್ರ, ಚಲನೆ, ಶಬ್ದ, ಡಿಕ್ಕಿಯ ಲೆಕ್ಕ ಇವನ್ನೆಲ್ಲ ನೋಡಿಕೊಳ್ಳುವ ಸಿದ್ಧ ತಂತ್ರಾಂಶಕ್ಕೆ ಗೇಮ್ ಎಂಜಿನ್ ಎನ್ನುತ್ತಾರೆ. ಚಿಕ್ಕಪುಟ್ಟ ತಂಡಗಳಲ್ಲಿ ಬಹುಪಾಲು ಮಂದಿ ಕಲಿತದ್ದೇ ಯೂನಿಟಿಯಲ್ಲಿ, ಏಕೆಂದರೆ ಆದಾಯ ಒಂದು ಮಿತಿ ದಾಟುವ ತನಕ ಅದು ಉಚಿತ, ದಾಟಿದ ಮೇಲೂ ಕೊಡಬೇಕಾದದ್ದು ಚಂದಾ ಹಣ ಮಾತ್ರ, ಮಾರಾಟದಲ್ಲಿ ಪಾಲು ಕೊಡುವ ಮಾತೇ ಇರಲಿಲ್ಲ.

2023ರ ಸೆಪ್ಟೆಂಬರ್ 12ರಂದು ಯೂನಿಟಿ ‘ರನ್‌ಟೈಮ್ ಶುಲ್ಕ’ವನ್ನು ಪ್ರಕಟಿಸಿತು. ಆಟ ಮಾರಾಟವಾದಾಗಲ್ಲ, ಯಾರದಾದರೂ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇನ್‌ಸ್ಟಾಲ್ ಆದಾಗ ಅದನ್ನು ಬರೆದವರು ಹಣ ಕೊಡಬೇಕು ಎಂಬುದು ಅದರ ತಿರುಳು. ಕೆಳಗಿನ ದರ್ಜೆಯ ಪರವಾನಗಿ ಇದ್ದವರಿಗೆ ವರ್ಷದ ಆದಾಯ ಎರಡು ಲಕ್ಷ ಡಾಲರ್, ಒಟ್ಟು ಇನ್‌ಸ್ಟಾಲ್ ಎರಡು ಲಕ್ಷ, ಈ ಎರಡೂ ಮಿತಿ ದಾಟಿದರೆ, ಅಲ್ಲಿಂದಾಚೆಗಿನ ಪ್ರತಿ ಇನ್‌ಸ್ಟಾಲ್‌ಗೆ 20 ಸೆಂಟ್. ಭಾರತದಂಥ ಮಾರುಕಟ್ಟೆಗಳಿಗೆ ದರ ಕಡಿಮೆ, 2 ಸೆಂಟ್. ಕೇಳಲು ಸಣ್ಣ ಮೊತ್ತ. ಈಗ ಲೆಕ್ಕ ಮಾಡಿ. ಉಚಿತವಾಗಿ ಹಂಚಿ ಜಾಹೀರಾತಿನಿಂದ ಸಂಪಾದಿಸುವ ಒಂದು ಆಟ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಗಳಿಸುತ್ತದೆ ಎನ್ನೋಣ. ಮಿತಿ ದಾಟಿದ ನಂತರ ಅಮೆರಿಕದಂಥ ದೇಶಗಳಲ್ಲಿ ಇನ್ನೂ 20 ಲಕ್ಷ ಇನ್‌ಸ್ಟಾಲ್ ಆದರೆ, ಯೂನಿಟಿಗೆ ಸಲ್ಲಬೇಕಾದದ್ದು ನಾಲ್ಕು ಲಕ್ಷ ಡಾಲರ್. ಆಟ ಜನಪ್ರಿಯವಾದಷ್ಟೂ ಅದನ್ನು ಬರೆದವನು ಮುಳುಗುತ್ತಾನೆ. ಒಬ್ಬನೇ ವ್ಯಕ್ತಿ ಅಳಿಸಿ ಮತ್ತೆ ಹಾಕಿಕೊಂಡರೆ ಎರಡು ಸಲ ಲೆಕ್ಕವೇ, ಕದ್ದ ಪ್ರತಿಗಳನ್ನು ಗುರುತಿಸುವವರು ಯಾರು, ಈಗಾಗಲೇ ಮಾರುಕಟ್ಟೆಯಲ್ಲಿರುವ ಆಟಗಳಿಗೂ ಇದು ಅನ್ವಯವೇ ಎಂಬ ಪ್ರಶ್ನೆಗಳಿಗೆ ಮೊದಲ ದಿನಗಳಲ್ಲಿ ಬಂದ ಉತ್ತರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹಳೆಯ ಆಟಗಳಿಗೂ ಅನ್ವಯ ಎಂಬ ಅಂಶವೇ ಎಲ್ಲರನ್ನೂ ಕೆರಳಿಸಿತು, ಏಕೆಂದರೆ ಒಂದು ಕರಾರನ್ನು ನಂಬಿ ಮೂರು ವರ್ಷ ದುಡಿದವನಿಗೆ ಹಿಂದಕ್ಕೆ ಹೋಗುವ ದಾರಿಯೇ ಇರಲಿಲ್ಲ.

ಹತ್ತೇ ದಿನಗಳಲ್ಲಿ, ಸೆಪ್ಟೆಂಬರ್ 22ರಂದು, ಯೂನಿಟಿ ಹಿಂದೆ ಸರಿದು ಉಚಿತ ದರ್ಜೆಯವರನ್ನು ಶುಲ್ಕದಿಂದ ಕೈಬಿಟ್ಟಿತು, ಉಳಿದವರಿಗೆ ಆದಾಯದ ಶೇ 2.5ರ ಮೇಲ್ಮಿತಿ ಹಾಕಿತು, 2024ರಿಂದ ಬರುವ ಹೊಸ ಆವೃತ್ತಿಗಳಿಗೆ ಮಾತ್ರ ಅನ್ವಯ ಎಂದಿತು. ಅಕ್ಟೋಬರ್ 9ರಂದು ಮುಖ್ಯಸ್ಥ ಜಾನ್ ರಿಚಿಟಿಯೆಲ್ಲೊ ಹೊರನಡೆದರು. 2024ರ ಸೆಪ್ಟೆಂಬರ್‌ನಲ್ಲಿ ಹೊಸ ಮುಖ್ಯಸ್ಥ ಮ್ಯಾಥ್ಯೂ ಬ್ರೋಂಬರ್ಗ್ ಆಟಗಳ ಮಟ್ಟಿಗೆ ಶುಲ್ಕವನ್ನೇ ರದ್ದು ಮಾಡಿದರು. ಅಷ್ಟರಲ್ಲಿ ‘ಟೆರೇರಿಯಾ’ದ ತಂಡ ಮುಕ್ತ ತಂತ್ರಾಂಶವಾದ ಗೊಡೋ ಎಂಜಿನ್‌ಗೆ ಒಂದು ಲಕ್ಷ ಡಾಲರ್ ದೇಣಿಗೆ ಕೊಟ್ಟಾಗಿತ್ತು, ‘ಸ್ಲೇ ದ ಸ್ಪೈರ್’ ಮಾಡಿದವರು ಮುಂದಿನ ಆಟಕ್ಕೆ ಅದನ್ನೇ ಆರಿಸಿಕೊಂಡಾಗಿತ್ತು. ನಾನೂ ಬದಲಾಯಿಸಿದೆ, ಮರಳಿ ಹೋಗುವ ಆಲೋಚನೆ ಇಲ್ಲ.

ಇರುಳು ಆಟಗಾರ

ಎಲ್ಲ ತಪ್ಪನ್ನೂ ಬಂಡವಾಳಿಗರ ತಲೆಗೆ ಕಟ್ಟುವುದು ಸುಲಭ. ನನ್ನ ಎರಡು ಆಕ್ಷೇಪಗಳಿವೆ. ಮೊದಲನೆಯದು, ಲಾಕ್‌ಡೌನ್ ಕಾಲದಲ್ಲಿ ಮನೆಯಲ್ಲೇ ಇದ್ದ ಜನ ಆಡಿದ್ದನ್ನೇ ಶಾಶ್ವತ ಬೇಡಿಕೆ ಎಂದು ತಿಳಿದು ಸ್ಟುಡಿಯೊಗಳೇ ಮನಸೋಇಚ್ಛೆ ನೇಮಕ ಮಾಡಿಕೊಂಡವು. ಎರಡನೆಯದು, ಆಟಗಳ ವೆಚ್ಚ. 2023ರ ಜೂನ್‌ನಲ್ಲಿ, ‘ಕಾಲ್ ಆಫ್ ಡ್ಯೂಟಿ’ ತಯಾರಿಸುವ ಆಕ್ಟಿವಿಷನ್ ಬ್ಲಿಜರ್ಡ್ ಸಂಸ್ಥೆಯ ಖರೀದಿಯನ್ನು ತಡೆಯಲು ಮೈಕ್ರೋಸಾಫ್ಟ್ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ ಸೋನಿ ಸಲ್ಲಿಸಿದ ಒಂದು ದಾಖಲೆಯ ಗುಟ್ಟಿನ ಅಂಕಿಗಳನ್ನು ಯಾರೋ ಕಪ್ಪು ಮಾರ್ಕರ್‌ನಿಂದ ಗೀಚಿ ಮುಚ್ಚಿದ್ದರು. ಸ್ಕ್ಯಾನ್ ಮಾಡಿದಾಗ ಶಾಯಿಯ ಕೆಳಗಿನ ಅಕ್ಷರಗಳು ಓದುವಷ್ಟು ಸ್ಪಷ್ಟವಾಗಿ ಕಂಡುಬಿಟ್ಟವು. ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ಕ್ಕೆ 22 ಕೋಟಿ ಡಾಲರ್, ‘ಹೊರೈಜನ್ ಫರ್ಬಿಡನ್ ವೆಸ್ಟ್’ಗೆ 21.2 ಕೋಟಿ ಡಾಲರ್. ಡಿಸೆಂಬರ್‌ನಲ್ಲಿ ಇನ್‌ಸಾಮ್ನಿಯಾಕ್ ಸ್ಟುಡಿಯೊದ ಕಡತಗಳನ್ನು ಹ್ಯಾಕರ್‌ಗಳು ಕದ್ದು ಹರಿಯಬಿಟ್ಟಾಗ, ತಾವು ಹೊಗಳಿದ ‘ಸ್ಪೈಡರ್‌ಮ್ಯಾನ್ 2’ಕ್ಕೆ ತಗುಲಿದ್ದು ಸುಮಾರು 30 ಕೋಟಿ ಡಾಲರ್ ಎಂಬುದೂ ಬಯಲಾಯಿತು.

ಒಂದು ಆಟಕ್ಕೆ ಇಷ್ಟು ಸುರಿದ ಮೇಲೆ ಅದು ಚೆನ್ನಾಗಿ ಮಾರಾಟವಾದರೆ ಸಾಲದು, ಅತ್ಯದ್ಭುತವಾಗಿ ಮಾರಾಟವಾಗಬೇಕು. ಪ್ರತಿ ಎಲೆಯೂ ಪ್ರತಿ ಕೂದಲೂ ಕಾಣಬೇಕೆಂದು ಹಠ ಹಿಡಿಯುವ ನಮ್ಮಂಥ ಗಿರಾಕಿಗಳಿಗೂ ಇದರಲ್ಲಿ ಪಾಲಿಲ್ಲವೇ?

ಹಳೇ ಕನ್ಸೋಲ್

ಪಾಲು ಇದೆ, ಇಲ್ಲವೆನ್ನುವುದಿಲ್ಲ. ಆದರೆ ವೆಚ್ಚವೇ ಮುಖ್ಯ ಕಾರಣವಾಗಿದ್ದರೆ ಕಡಿಮೆ ವೆಚ್ಚದಲ್ಲಿ ಮೆಚ್ಚುಗೆ ಗಳಿಸಿದವರು ಉಳಿಯಬೇಕಿತ್ತು. ಜಪಾನಿನ ಟ್ಯಾಂಗೊ ಗೇಮ್‌ವರ್ಕ್ಸ್ 2023ರ ಜನವರಿಯಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ‘ಹೈ-ಫೈ ರಶ್’ ಬಿಡುಗಡೆ ಮಾಡಿತು. ತಾಳಕ್ಕೆ ತಕ್ಕಂತೆ ಹೊಡೆದಾಡುವ, ವ್ಯಂಗ್ಯಚಿತ್ರದಂತೆ ಕಾಣುವ ಆ ಪುಟ್ಟ ಆಟವನ್ನು ವಿಮರ್ಶಕರೂ ಆಟಗಾರರೂ ಒಟ್ಟಿಗೆ ಕೊಂಡಾಡಿದರು. 2024ರ ಮೇ ತಿಂಗಳಲ್ಲಿ ಅದರ ಒಡೆಯನಾದ ಮೈಕ್ರೋಸಾಫ್ಟ್ ಆ ಸ್ಟುಡಿಯೊವನ್ನು ಮುಚ್ಚುವುದಾಗಿ ಹೇಳಿತು. ಕೆಲವು ತಿಂಗಳ ನಂತರ ದಕ್ಷಿಣ ಕೊರಿಯದ ಕ್ರಾಫ್ಟನ್ ಅದನ್ನು ಉಳಿಸಿಕೊಂಡದ್ದು ಬೇರೆ ಮಾತು.

ಅದೇ ಮೈಕ್ರೋಸಾಫ್ಟ್ 2022ರ ಜನವರಿಯಲ್ಲಿ ಆಕ್ಟಿವಿಷನ್ ಬ್ಲಿಜರ್ಡ್ ಅನ್ನು 6,870 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತ್ತು. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ 2023ರ ಏಪ್ರಿಲ್‌ನಲ್ಲಿ ಕ್ಲೌಡ್ ಗೇಮಿಂಗ್ (ದೂರದ ಕಂಪ್ಯೂಟರಿನಲ್ಲಿ ನಡೆಯುವ ಆಟವನ್ನು ಇಂಟರ್‌ನೆಟ್ ಮೂಲಕ ಆಡುವುದು) ಕಾರಣ ನೀಡಿ ಅದನ್ನು ತಡೆಯಿತು, ಯುರೋಪಿಯನ್ ಒಕ್ಕೂಟ ಮೇ ತಿಂಗಳಲ್ಲಿ ಒಪ್ಪಿತು, ಅಮೆರಿಕದ ನ್ಯಾಯಾಲಯ ಜುಲೈನಲ್ಲಿ ತಡೆಯಾಜ್ಞೆ ನಿರಾಕರಿಸಿತು, ಕೊನೆಗೆ ಕ್ಲೌಡ್ ಹಕ್ಕುಗಳನ್ನು ಯೂಬಿಸಾಫ್ಟ್‌ಗೆ ವಹಿಸಿದ ಮೇಲೆ ಅಕ್ಟೋಬರ್ 13ರಂದು ವ್ಯವಹಾರ ಮುಗಿಯಿತು. ಇಪ್ಪತ್ತೊಂದು ತಿಂಗಳ ಕಾಲ ಮೂರು ಖಂಡಗಳ ವಕೀಲರು ಚರ್ಚಿಸಿದ್ದು ಹೆಚ್ಚಾಗಿ ‘ಕಾಲ್ ಆಫ್ ಡ್ಯೂಟಿ’ ಯಾರ ಯಂತ್ರದಲ್ಲಿ ಸಿಗುತ್ತದೆ ಎಂಬುದನ್ನು. ವ್ಯವಹಾರ ಮುಗಿದ ಮೂರೂವರೆ ತಿಂಗಳೊಳಗೆ, 2024ರ ಜನವರಿಯಲ್ಲಿ, 1,900 ಮಂದಿಯ ಕೆಲಸ ಹೋಯಿತು. ನೌಕರರ ಗತಿ ಏನು ಎಂಬುದು ಆ ವಿಚಾರಣೆಗಳಲ್ಲಿ ಮುಖ್ಯ ಪ್ರಶ್ನೆಯಾಗಿರಲೇ ಇಲ್ಲ.

ಬೊಂಬೆ ಮಾಡುವವಳು

ಇಲ್ಲಿಯವರೆಗಿನ ಮಾತೆಲ್ಲ ಅಮೆರಿಕ, ಸ್ವೀಡನ್, ಜಪಾನ್. ನಾನು ಬೆಂಗಳೂರಿನಲ್ಲಿ ಆಟಗಳಿಗೆ 3ಡಿ ವಸ್ತುಗಳನ್ನು ಮಾಡುವವಳಾದ್ದರಿಂದ ಇದು ನಮ್ಮೂರಿಗೆ ಹೇಗೆ ತಲುಪುತ್ತದೆ ಎಂದು ಹೇಳುತ್ತೇನೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಆರಂಭಿಸಿದಾಗಿನಿಂದ ಈ ನಗರದಲ್ಲಿ ಹೊರದೇಶದ ಆಟಗಳ ಕಲಾಕೆಲಸ ನಡೆದುಬಂದಿದೆ. 2019ರಲ್ಲಿ ಧ್ರುವವನ್ನು ‘ಗ್ರ್ಯಾಂಡ್ ಥೆಫ್ಟ್ ಆಟೊ’ ಖ್ಯಾತಿಯ ರಾಕ್‌ಸ್ಟಾರ್ ಕೊಂಡು ತನ್ನ ಬೆಂಗಳೂರು ಶಾಖೆಯೊಡನೆ ಸೇರಿಸಿಕೊಂಡಿತು.

ಕೆಲಸ ಹೀಗಿರುತ್ತದೆ. ಹೊರದೇಶದ ಸ್ಟುಡಿಯೊದಿಂದ ಒಂದು ಚಿತ್ರ ಬರುತ್ತದೆ, ತುಕ್ಕು ಹಿಡಿದ ಬೀದಿದೀಪ ಎನ್ನೋಣ. ಮೊದಲು ಅಳತೆಗೆ ಸರಿಯಾಗಿ ಒರಟು ಆಕಾರ ಮಾಡಿ ಕಳುಹಿಸಬೇಕು. ಒಪ್ಪಿಗೆ ಸಿಕ್ಕ ಮೇಲೆ ಲಕ್ಷಗಟ್ಟಲೆ ತ್ರಿಕೋನಗಳಿರುವ ಸೂಕ್ಷ್ಮ ಮಾದರಿಯನ್ನು ಕೆತ್ತಬೇಕು. ಬೋಲ್ಟಿನ ಸುತ್ತಲಿನ ಗೀರು, ಬಣ್ಣ ಎದ್ದುಹೋದ ಜಾಗ, ಎಲ್ಲವೂ ಅದರಲ್ಲಿರಬೇಕು. ಆಮೇಲೆ ಅದೇ ದೀಪವನ್ನು ಕೆಲವೇ ಸಾವಿರ ತ್ರಿಕೋನಗಳಲ್ಲಿ ಮತ್ತೆ ಕಟ್ಟಿ, ಸೂಕ್ಷ್ಮ ಮಾದರಿಯ ಉಬ್ಬುತಗ್ಗುಗಳನ್ನು ಚಿತ್ರವಾಗಿ ಅದರ ಮೈಮೇಲೆ ಕೂರಿಸಬೇಕು. ಸಂಜೆ ಕಳುಹಿಸಿದರೆ ಬೆಳಿಗ್ಗೆಯ ಹೊತ್ತಿಗೆ ಕೆಂಪು ಗೆರೆಗಳ ತಿದ್ದುಪಡಿ ಬಂದಿರುತ್ತದೆ. ಆಟದಲ್ಲಿ ಆ ದೀಪದ ಪಕ್ಕ ನೀವು ಎರಡು ಸೆಕೆಂಡು ಓಡಿಹೋಗುತ್ತೀರಿ. ಇರುಳು ಆಟಗಾರರು ಹೇಳಿದ ಕೋಟಿ ಕೋಟಿ ಡಾಲರ್‌ಗಳಲ್ಲಿ ಒಂದು ಭಾಗ ಕರಗುವುದು ಇಲ್ಲಿಯೇ, ಹಾಗಾಗಿ ಅವರ ಮಾತಿನಲ್ಲಿ ಹುರುಳಿದೆ.

ಹೊರಗಿನ ಸ್ಟುಡಿಯೊದಲ್ಲಿ ಕಡಿತವಾದರೆ ಅಲ್ಲಿ ಸುದ್ದಿಯಾಗುತ್ತದೆ. ಇಲ್ಲಿ ‘ಪ್ರಾಜೆಕ್ಟ್ ಸದ್ಯಕ್ಕೆ ನಿಂತಿದೆ’ ಎಂಬ ಒಂದು ಸಾಲಿನ ಇಮೇಲ್ ಬರುತ್ತದೆ. ನಾನು ಆಗ ಇದ್ದ ಸ್ಟುಡಿಯೊದಲ್ಲಿ ಯಾರನ್ನೂ ತೆಗೆದರೆಂದು ಹೇಳುವ ಹಾಗಿಲ್ಲ. ಗುತ್ತಿಗೆ ಮುಗಿದವರಿಗೆ ಹೊಸ ಗುತ್ತಿಗೆ ಕೊಡಲಿಲ್ಲ, ಅಷ್ಟೆ. ನನ್ನ ತಂಡದ ಅರ್ಧ ಮೇಜುಗಳು ಹಾಗೆಯೇ ಖಾಲಿಯಾದವು, ಆ ಹತ್ತು ಸಾವಿರದ ಲೆಕ್ಕದಲ್ಲಿ ಅವರು ಯಾರೂ ಸೇರಿರಲಾರರು. 2025ರ ಫೆಬ್ರುವರಿಯಲ್ಲಿ ಸಿನಿಮಾ ದೃಶ್ಯ ಪರಿಣಾಮಗಳ ಕೆಲಸ ಮಾಡುತ್ತಿದ್ದ ಫ್ರಾನ್ಸ್ ಮೂಲದ ಟೆಕ್ನಿಕಲರ್ ಕುಸಿದು ಬೆಂಗಳೂರಿನ ಕಚೇರಿಯೂ ಮುಚ್ಚಿದಾಗ ಮಾತ್ರ ನಮ್ಮ ಪತ್ರಿಕೆಗಳು ಈ ವೃತ್ತಿಯತ್ತ ಕಣ್ಣು ಹಾಯಿಸಿದವು.

ತೆರಿಗೆ ತಲೆನೋವು

ಕರ್ನಾಟಕದ ಮಾತು ಬಂದದ್ದರಿಂದ ಒಂದು ಸೇರ್ಪಡೆ. 2023ರ ಜುಲೈ 11ರಂದು ಜಿಎಸ್‌ಟಿ ಮಂಡಳಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಶೇ 28ರ ತೆರಿಗೆ ವಿಧಿಸಲು ತೀರ್ಮಾನಿಸಿತು, ಅಕ್ಟೋಬರ್ 1ರಿಂದ ಅದು ಜಾರಿಗೆ ಬಂತು. ದರಕ್ಕಿಂತ ಮುಖ್ಯವಾದದ್ದು ತೆರಿಗೆ ಯಾವುದರ ಮೇಲೆ ಎಂಬುದು. ಆಟಗಾರ 100 ರೂಪಾಯಿ ಹಾಕಿ, ಅದರಲ್ಲಿ ಕಂಪನಿ 10 ರೂಪಾಯಿ ಶುಲ್ಕ ಹಿಡಿದುಕೊಳ್ಳುತ್ತಿದ್ದರೆ, ಮೊದಲು ಕಂಪನಿಗಳು ಆ ಹತ್ತು ರೂಪಾಯಿಗೆ ಶೇ 18ರಂತೆ 1 ರೂಪಾಯಿ 80 ಪೈಸೆ ಕಟ್ಟುತ್ತಿದ್ದವು. ಹೊಸ ಕ್ರಮದಲ್ಲಿ ಪೂರ್ತಿ ನೂರರ ಮೇಲೆ 28 ರೂಪಾಯಿ. ಇಂಥ ಆಟಗಳನ್ನು ನಡೆಸುತ್ತಿದ್ದ ಬೆಂಗಳೂರಿನ ಎಂಪಿಎಲ್ ಕಂಪನಿ ಆಗಸ್ಟ್‌ನಲ್ಲಿ ಸುಮಾರು 350 ಮಂದಿಯನ್ನು ತೆಗೆಯಿತು. ಆನ್‌ಲೈನ್ ರಮ್ಮಿ ನಡೆಸುತ್ತಿದ್ದ ಬೆಂಗಳೂರಿನದೇ ಗೇಮ್ಸ್‌ಕ್ರಾಫ್ಟ್‌ಗೆ ಬಂದಿದ್ದ ಸುಮಾರು 21,000 ಕೋಟಿ ರೂಪಾಯಿಯ ತೆರಿಗೆ ನೋಟಿಸನ್ನು ಕರ್ನಾಟಕ ಹೈಕೋರ್ಟ್ ಮೇ ತಿಂಗಳಲ್ಲಿ ರದ್ದು ಮಾಡಿತ್ತು, ಆ ತೀರ್ಪಿಗೆ ಸುಪ್ರೀಂ ಕೋರ್ಟ್ ಸೆಪ್ಟೆಂಬರ್‌ನಲ್ಲಿ ತಡೆ ನೀಡಿತು.

ಇರುಳು ಆಟಗಾರ

ಕ್ಷಮಿಸಿ, ರಮ್ಮಿಗೂ ವಿಡಿಯೊ ಗೇಮ್‌ಗೂ ಏನು ಸಂಬಂಧ? ವಿಷಯ ಬಿಟ್ಟು ಹೋಗುತ್ತಿದ್ದೇವೆ.

ತೆರಿಗೆ ತಲೆನೋವು

ಸಂಬಂಧ ಇರಬಾರದಿತ್ತು, ಅದೇ ನನ್ನ ದೂರು. ನಮ್ಮಲ್ಲಿ ಎರಡನ್ನೂ ‘ಆನ್‌ಲೈನ್ ಗೇಮಿಂಗ್’ ಎಂಬ ಒಂದೇ ಚೀಲಕ್ಕೆ ತುಂಬಿದ್ದರಿಂದ, ಬಾಜಿಯ ಸೋಂಕೇ ಇಲ್ಲದ ಸಣ್ಣ ಸ್ಟುಡಿಯೊಗಳೂ ಬ್ಯಾಂಕಿನಲ್ಲಿ, ಹೂಡಿಕೆದಾರರ ಮುಂದೆ, ಮನೆಯಲ್ಲಿ ಮಾವನವರ ಮುಂದೆ ಕೂಡ ತಾವು ಜೂಜು ಆಡಿಸುವವರಲ್ಲ ಎಂದು ವಿವರಿಸುತ್ತ ಕೂರಬೇಕಾಯಿತು. ಹಣದ ಆಟಗಳನ್ನು ಇ-ಸ್ಪೋರ್ಟ್ಸ್‌ನಿಂದ (ವಿಡಿಯೊ ಗೇಮ್ ಪಂದ್ಯಾವಳಿಗಳು) ಮತ್ತು ಉಳಿದ ಆಟಗಳಿಂದ ಬೇರ್ಪಡಿಸಿ, ಹಣದ ಆಟಗಳನ್ನು ನಿಷೇಧಿಸಿದ ಕೇಂದ್ರ ಕಾಯ್ದೆ ಬಂದದ್ದು 2025ರ ಆಗಸ್ಟ್‌ನಲ್ಲಿ. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆಗೆ ಇರಲಿ, ಆ ವಿಂಗಡಣೆ ಎರಡು ವರ್ಷ ಮೊದಲೇ ಆಗಬೇಕಿತ್ತು.

ಲೋಡಿಂಗ್

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಗೇಮ್ ಆರ್ಟ್ ಕೋರ್ಸ್ ಒಂದಕ್ಕೆ ಸೇರಬೇಕೆಂದಿದ್ದೆ, ಶುಲ್ಕ ನಾಲ್ಕು ಲಕ್ಷ ಹೇಳುತ್ತಿದ್ದಾರೆ, ಸಾಲ ಮಾಡಬೇಕಾಗುತ್ತದೆ. ಇದನ್ನೆಲ್ಲ ಓದಿದ ಮೇಲೆ ಧೈರ್ಯ ಬರುತ್ತಿಲ್ಲ. ಬೊಂಬೆ ಮಾಡುವವಳು ಮೇಡಂ, ತಾವಾಗಿದ್ದರೆ ಏನು ಮಾಡುತ್ತಿದ್ದಿರಿ? ಕನ್ನಡದಲ್ಲಿಯೇ ಒಂದು ಚಿಕ್ಕ ಆಟ ಮಾಡುವ ಆಸೆಯೂ ಇದೆ.

ಬೊಂಬೆ ಮಾಡುವವಳು

ಸಾಲ ಮಾಡಿ ಸೇರಬೇಡಿ. ಯಾವ ಸ್ಟುಡಿಯೊವೂ ಪ್ರಮಾಣಪತ್ರ ನೋಡಿ ಕೆಲಸ ಕೊಡುವುದಿಲ್ಲ, ನೀವು ಮಾಡಿದ ನಾಲ್ಕೈದು ವಸ್ತುಗಳನ್ನು ನೋಡಿ ಕೊಡುತ್ತದೆ. 3ಡಿ ವಸ್ತು ಮಾಡುವ ಬ್ಲೆಂಡರ್ ತಂತ್ರಾಂಶ ಉಚಿತ; ನಿಮ್ಮ ಮನೆಯಲ್ಲಿರುವ ಹೊಲಿಗೆ ಯಂತ್ರವನ್ನೋ ಹಳೆಯ ಸ್ಕೂಟರನ್ನೋ ಎದುರಿಗಿಟ್ಟುಕೊಂಡು ಮಾಡಿ, ಊಹೆಯ ಖಡ್ಗ, ರಾಕ್ಷಸ ಬೇಡ. ಎಂಜಿನಿಯರಿಂಗ್ ಪದವಿಯನ್ನು ಮುಗಿಸಿಕೊಳ್ಳಿ, ಏಕೆಂದರೆ ಈ ವೃತ್ತಿಯಲ್ಲಿ ಕೆಲಸವಿಲ್ಲದ ತಿಂಗಳುಗಳು ಬಂದೇ ಬರುತ್ತವೆ. ಮೊದಲ ಗುತ್ತಿಗೆಗೆ ಸಹಿ ಹಾಕುವಾಗ ಎರಡು ಅಂಶಗಳನ್ನು ನೋಡಿ. ಪ್ರಾಜೆಕ್ಟ್ ನಡುವೆ ನಿಂತರೆ ಎಷ್ಟು ದಿನದ ಸಂಬಳ ಸಿಗುತ್ತದೆ ಎಂಬುದು ಬರಹದಲ್ಲಿರಬೇಕು. ಆಟದ ಕೊನೆಯ ಹೆಸರುಪಟ್ಟಿಯಲ್ಲಿ ನಿಮ್ಮ ಹೆಸರು ಬರುತ್ತದೆಯೇ, ಇಲ್ಲ ಸ್ಟುಡಿಯೊದ ಹೆಸರು ಮಾತ್ರವೇ ಎಂದು ಕೇಳಬೇಕು. ಮುಂದಿನ ಕೆಲಸ ಹುಡುಕುವಾಗ ಅದೊಂದೇ ಸಾಕ್ಷಿ.

ಕೋಡುಬಳೆ

ಲೋಡಿಂಗ್ ಅವರೇ, ಕನ್ನಡದ ಆಟಕ್ಕೆ ಗೊಡೋ 4ನೇ ಆವೃತ್ತಿಯಿಂದಲೇ ಆರಂಭಿಸಿ. ಅದು ಬಂದದ್ದೂ 2023ರಲ್ಲೇ, ಮಾರ್ಚ್ 1ರಂದು. ಯೂನಿಟಿಯ ಪಠ್ಯ ವ್ಯವಸ್ಥೆಯಲ್ಲಿ ನಮ್ಮ ಒತ್ತಕ್ಷರಗಳು ಹಲವು ವರ್ಷ ಬಿಡಿಬಿಡಿಯಾಗಿ ಬೀಳುತ್ತಿದ್ದವು, ‘ಸ್ತ್ರೀ’ ಎಂದು ಬರೆದರೆ ಹಲಂತಗಳ ಸಾಲು ಕಾಣುತ್ತಿತ್ತು. ಸಂಭಾಷಣೆಯನ್ನೆಲ್ಲ ಚಿತ್ರಗಳಾಗಿ ಮಾಡಿ ಅಂಟಿಸುವುದೊಂದೇ ನನಗಿದ್ದ ದಾರಿ. ಗೊಡೋ 4ರಲ್ಲಿ ಯೂನಿಕೋಡ್ ಕನ್ನಡ ಫಾಂಟ್ ಒಂದನ್ನು ಥೀಮಿಗೆ ಸೇರಿಸಿದರೆ ಅಕ್ಷರಗಳು ತಾವಾಗಿಯೇ ಸರಿಯಾಗಿ ಕೂಡಿಕೊಳ್ಳುತ್ತವೆ. ಮೊದಲ ಆಟದಲ್ಲಿ ಒಂದೇ ಪರದೆ, ಒಂದೇ ಪಾತ್ರ ಇರಲಿ. ಎಲ್ಲಾದರೂ ಸಿಕ್ಕಿಕೊಂಡರೆ ದೋಷದ ಸಂದೇಶವನ್ನು ಪೂರ್ತಿಯಾಗಿ ಇಲ್ಲಿ ಹಾಕಿ, ನೋಡುತ್ತೇನೆ.